ಪಾದ್ರಿಗಳು, ಕಂಪನಿ ಸರ್ಕಾರ ಮತ್ತು ಅಟ್ಟದ ಮೇಲಿನ ಓಲೆಗರಿ ಕಟ್ಟು

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಹೈಸ್ಕೂಲ್ ಟೀಚರ್. ಮಗ ಬಿ.ಎ. ಎರಡನೇ ವರ್ಷದಲ್ಲಿ ಇತಿಹಾಸ ಓದುತ್ತಿದ್ದಾನೆ. ಕಾಲೇಜಿನಲ್ಲಿ ಅವನಿಗೆ ‘ವಸಾಹತುಶಾಹಿ ಮತ್ತು ಕ್ರೈಸ್ತ ಮಿಷನರಿಗಳು’ ಅಂತ ಸೆಮಿನಾರ್ ಕೊಟ್ಟಿದ್ದಾರೆ. ಅವತ್ತಿನಿಂದ ಮನೆಯಲ್ಲಿ ದಿನಾ ವಾದ. ನಮ್ಮ ಯಜಮಾನರ ವಾಟ್ಸ್‌ಆ್ಯಪ್‌ಗೆ ಬಂದ ಮೆಸೇಜ್ ಪ್ರಕಾರ ಪಾದ್ರಿಗಳೆಲ್ಲ ಕಂಪನಿಯ ಏಜೆಂಟರು. ನಮ್ಮ ಸಂಸ್ಕೃತಿ ಹಾಳಾಗಿದ್ದು ಅವರಿಂದಲೇ. ಮಗ ಹೇಳುವುದು ಪೂರ್ತಿ ಉಲ್ಟಾ. ಅವರು ಬರದಿದ್ದರೆ ಕನ್ನಡಕ್ಕೆ ಪತ್ರಿಕೆಯೂ ಇಲ್ಲ, ನಿಘಂಟೂ ಇಲ್ಲ, ಬಡವರ ಮಕ್ಕಳಿಗೆ ಶಾಲೆಯೂ ಇಲ್ಲ ಅನ್ನುತ್ತಾನೆ. ಅವನ ಕ್ಲಾಸಿನಲ್ಲಿ ಒಬ್ಬ ಕ್ರೈಸ್ತ ಹುಡುಗ ಇದ್ದಾನೆ. ಈ ಮಾತು ಬಂದಾಗೆಲ್ಲ ಎಲ್ಲರೂ ಅವನ ಮುಖ ನೋಡುತ್ತಾರಂತೆ.

ಇನ್ನೊಂದು ವಿಷಯ. ಹೊಳಲ್ಕೆರೆ ಹತ್ತಿರ ಮಾವನವರ ಹಳೇ ಮನೆ ಬಿಚ್ಚಿಸುವಾಗ ಅಟ್ಟದ ಮೇಲೆ ಓಲೆಗರಿಯ ಎರಡು ಕಟ್ಟು ಸಿಕ್ಕಿವೆ. ಮಾವನವರಿಗೆ ಈಗ 81. ‘ಇಂಥವು ಬೇಕಾದಷ್ಟಿದ್ದವು. ನಮ್ಮ ತಾತನ ಕಾಲದಲ್ಲಿ ಒಬ್ಬ ಪಾದ್ರಿ ಬಂದು ಗಾಡಿ ಮೇಲೆ ಹೇರಿಕೊಂಡು ಹೋದ’ ಅನ್ನುತ್ತಾರೆ. ಈಗ ಬೆಂಗಳೂರಿನವರೊಬ್ಬರು ಒಳ್ಳೇ ದುಡ್ಡು ಕೊಡುತ್ತೇನೆ ಅಂತ ಪದೇ ಪದೇ ಫೋನ್ ಮಾಡುತ್ತಿದ್ದಾರೆ. ಮಾವನವರು ಮಠಕ್ಕೆ ಕೊಡೋಣ ಅನ್ನುತ್ತಾರೆ. ಏನು ಮಾಡಲಿ?
(ಓದುಗರೊಬ್ಬರು, ದಾವಣಗೆರೆ)

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಇವೆ ಅನಿಸಿದರೂ ಬೇರು ಒಂದೇ. ನಮ್ಮದು ಅನ್ನುವುದು ಎಲ್ಲಿ ಹೋಯಿತು, ಯಾರು ಒಯ್ದರು? ನಿಮ್ಮ ಯಜಮಾನರಿಗೂ ಮಗನಿಗೂ ಅರ್ಧರ್ಧ ಸಿಕ್ಕಿದೆ. ಇಬ್ಬರೂ ಮಾಡುತ್ತಿರುವ ತಪ್ಪು ಒಂದೇ. ಮುನ್ನೂರು ವರ್ಷ, ನಾಲ್ಕೈದು ದೇಶ, ಹತ್ತಾರು ಮಿಷನ್ ಎಲ್ಲವನ್ನೂ ಒಂದೇ ಹೆಸರಿನಲ್ಲಿ ಕರೆಯುತ್ತಿದ್ದಾರೆ. ನಾನು ಹಸ್ತಪ್ರತಿ ಓದುವ ಕೆಲಸದವನು. ಏನು, ಯಾವಾಗ, ಯಾರ ಕೈಯಲ್ಲಿ ಅಂತ ಬಿಡಿಬಿಡಿಯಾಗಿ ಕೇಳುವುದು ನನಗೆ ರೂಢಿ. ಇಲ್ಲೂ ಹಾಗೇ ಮಾಡೋಣ.

ಮೊದಲು ಆ ಮೆಸೇಜ್. ಅಂಥವು ನನಗೂ ಬರುತ್ತವೆ. ಅವುಗಳಲ್ಲಿ ಇರುವ ಭಯಂಕರ ಸಂಗತಿಗಳು ಸುಳ್ಳಲ್ಲ, ಆದರೆ ಬಹುಪಾಲು ಗೋವಾದವು. ಅಲ್ಲಿ ಪೋರ್ಚುಗೀಸರ ರಾಜ್ಯ ಮತ್ತು ಚರ್ಚು ನಿಜಕ್ಕೂ ಒಂದೇ ಕೈಯಾಗಿ ಕೆಲಸ ಮಾಡಿದವು. 1540ರ ನಂತರ ದೇವಸ್ಥಾನಗಳನ್ನು ಕೆಡವಿದರು. 1560ರಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮ ವಿಚಾರಣೆಯ ನ್ಯಾಯಾಲಯ ಬಂತು. ಅದು ಪೂರ್ತಿ ಮುಚ್ಚಿದ್ದು 1812ರಲ್ಲಿ. 1684ರಲ್ಲಿ ಜನ ಮೂರು ವರ್ಷದೊಳಗೆ ಕೊಂಕಣಿ ಬಿಟ್ಟು ಪೋರ್ಚುಗೀಸ್ ಕಲಿಯಬೇಕು ಎಂಬ ಆಜ್ಞೆಯೇ ಹೊರಟಿತು. ಸಂಸ್ಕೃತಿ ನಾಶ ಅಂತ ಯಾವುದಕ್ಕಾದರೂ ಅನ್ನಬೇಕಾದರೆ ಇದಕ್ಕೆ ಅನ್ನಬೇಕು. ಕರಾವಳಿಯ ಎಷ್ಟೋ ಕೊಂಕಣಿ ಮನೆತನಗಳು ಅಲ್ಲಿಂದ ಓಡಿ ಬಂದವು.

ಆದರೆ ಇದನ್ನು ತಂದು ಚಿತ್ರದುರ್ಗದ ಮೇಲೆ ಹಚ್ಚಿದರೆ ಲೆಕ್ಕ ತಪ್ಪುತ್ತದೆ. ನಮ್ಮ ಕಡೆ ಬಂದ ಆಳ್ವಿಕೆ ಬೇರೆ, ಬಂದ ಮಿಷನರಿಗಳು ಬೇರೆ, ಅವರಿಬ್ಬರ ನಡುವಿನ ಸಂಬಂಧವೂ ಬೇರೆ.

ಈಸ್ಟ್ ಇಂಡಿಯಾ ಕಂಪನಿಗೆ ಪಾದ್ರಿಗಳೆಂದರೆ ಬಹಳ ಕಾಲ ಆಗುತ್ತಲೇ ಇರಲಿಲ್ಲ. ಕಂಪನಿ ಬಂದದ್ದು ವ್ಯಾಪಾರಕ್ಕೆ. ಜನರ ದೇವರ ತಂಟೆಗೆ ಹೋದರೆ ವ್ಯಾಪಾರ ಕೆಡುತ್ತದೆ ಎಂಬ ಭಯ. 1793ರಲ್ಲಿ ಬಂಗಾಳಕ್ಕೆ ಬಂದ ವಿಲಿಯಂ ಕೇರಿ ಪರವಾನಗಿ ಇಲ್ಲದೆ ಬಂದವರು. 1800ರಲ್ಲಿ ಅವರು ನೆಲೆ ನಿಂತದ್ದು ಡೆನ್ಮಾರ್ಕಿನವರ ಕೈಯಲ್ಲಿದ್ದ ಸಿರಾಂಪುರದಲ್ಲಿ. ಕನ್ನಡ ವ್ಯಾಕರಣವನ್ನು 1817ರಲ್ಲಿ ಅಚ್ಚು ಹಾಕಿಸಿದ ಕೇರಿ ಇವರೇ. 1806ರಲ್ಲಿ ವೆಲ್ಲೂರಿನ ಸಿಪಾಯಿಗಳು ದಂಗೆ ಎದ್ದರು. ಹೊಸ ರುಮಾಲು, ಹಣೆಯ ಗುರುತಿಗೆ ನಿಷೇಧ, ಜೊತೆಗೆ ನಮ್ಮನ್ನೆಲ್ಲ ಕ್ರೈಸ್ತರನ್ನಾಗಿ ಮಾಡುತ್ತಾರಂತೆ ಎಂಬ ಗುಲ್ಲು. ಆಮೇಲಂತೂ ಕಂಪನಿ ಇನ್ನಷ್ಟು ಹೆದರಿತು. ಇಂಗ್ಲೆಂಡಿನಲ್ಲಿ ಮಿಷನ್ ಪರವಾದವರು ಗಲಾಟೆ ಮಾಡಿ 1813ರ ಚಾರ್ಟರ್ ಕಾಯ್ದೆಯಲ್ಲಿ ಬಾಗಿಲು ತೆರೆಸಿದರು. 1833ರ ಕಾಯ್ದೆಯಿಂದ ಬ್ರಿಟಿಷರಲ್ಲದ ಮಿಷನ್‌ಗಳಿಗೂ ದಾರಿ ಸುಲಭವಾಯಿತು. ಮರುವರ್ಷವೇ, 1834ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದರು. ಅವರಲ್ಲಿ ಹೆಚ್ಚಿನವರು ಜರ್ಮನರು. ಇದೇ ಜನರನ್ನು ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಶತ್ರು ದೇಶದವರು ಅಂತ ಹಿಡಿದು ಶಿಬಿರದಲ್ಲಿ ಕೂಡಿಹಾಕಿದರು. ಅವರ ಹಂಚಿನ ಕಾರ್ಖಾನೆಗಳನ್ನೂ ಕಿತ್ತುಕೊಂಡರು. ಏಜೆಂಟರಿಗೆ ಹೀಗೆ ಮಾಡುತ್ತಾರಾ?

ಇನ್ನು ನಮ್ಮ ಜಿಲ್ಲೆಗೆ ವಸಾಹತು ಆಡಳಿತ ಬಂದ ದಾರಿ ನೋಡಿ. ಅದು ಬೈಬಲ್ ಹಿಂದೆ ಬರಲಿಲ್ಲ, ಕಂದಾಯದ ಹಿಂದೆ ಬಂತು. 1779ರಲ್ಲಿ ಮದಕರಿ ನಾಯಕನ ದುರ್ಗ ಹೈದರಾಲಿಯ ಕೈ ಸೇರಿತು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಈ ಸೀಮೆ ಮೈಸೂರು ಒಡೆಯರದ್ದಾಯಿತು. 1830ರಲ್ಲಿ ನಗರ ಎಂಬ ಸೀಮೆಯ (ಹಳೇ ಬಿದನೂರು) ರೈತರು ಕಂದಾಯದ ಕಾಟ ತಾಳಲಾರದೆ ದಂಗೆ ಎದ್ದರು. ಆ ದಂಗೆಯಲ್ಲಿ ಹೊನ್ನಾಳಿಯೂ ದೊಡ್ಡ ಕೇಂದ್ರ. ಅದನ್ನೇ ನೆಪ ಮಾಡಿಕೊಂಡು 1831ರಲ್ಲಿ ಕಂಪನಿ ಮೈಸೂರಿನ ಆಡಳಿತವನ್ನು ಕಮಿಷನರ್ ಕೈಗೆ ಕೊಟ್ಟಿತು. 1881ರವರೆಗೆ ಐವತ್ತು ವರ್ಷ ಹಾಗೇ ನಡೆಯಿತು. ಈ ಕಥೆಯಲ್ಲಿ ಪಾದ್ರಿಯ ಪಾತ್ರ ಇಲ್ಲ. ನಿಮ್ಮ ಮಗ ಸೆಮಿನಾರಿನಲ್ಲಿ ಹೊನ್ನಾಳಿಯನ್ನು ಬಿಟ್ಟು ಗೋವಾ ಮಾತ್ರ ಹೇಳಿದರೆ ನನಗೆ ಬೇಜಾರಾಗುತ್ತದೆ.

ಹಾಗಂತ ಮಿಷನರಿಗಳು ರಾಜಕೀಯಕ್ಕೆ ಸಂಬಂಧವೇ ಇಲ್ಲದ ಸಾಧುಗಳು ಅಂತಲ್ಲ. ಇಲ್ಲಿ ನಾನು ಮಗನ ಪಕ್ಷ ಬಿಡುತ್ತೇನೆ.

ಅವರು ಓಡಾಡಿದ್ದು ಕಂಪನಿಯ ರಸ್ತೆಯಲ್ಲಿ, ಕಂಪನಿಯ ಕಾನೂನಿನ ರಕ್ಷಣೆಯಲ್ಲಿ. ಬಿಳಿ ಚರ್ಮದವನಿಗೆ ಸಂತೆಯಲ್ಲಿ ಸಿಗುತ್ತಿದ್ದ ಮರ್ಯಾದೆ ಅವನ ಧರ್ಮದಿಂದ ಬಂದದ್ದಲ್ಲ, ಕಲೆಕ್ಟರನ ಕುರ್ಚಿಯಿಂದ ಬಂದದ್ದು. ಮತಾಂತರ ಆದವರು ಆಸ್ತಿಯ ಹಕ್ಕು ಕಳೆದುಕೊಳ್ಳಬಾರದು ಅಂತ 1850ರಲ್ಲಿ ಕಂಪನಿ ಕಾಯ್ದೆ ಮಾಡಿತು. ಅದರ ಹಿಂದೆ ಮಿಷನ್‌ಗಳ ಒತ್ತಡ ಇತ್ತು. ಕಾಯ್ದೆ ನ್ಯಾಯವಾದದ್ದೇ. ಆದರೂ ಅಧಿಕಾರದ ಮನೆಯ ಬಾಗಿಲು ಯಾರಿಗೆ ತೆರೆದಿತ್ತು ಅಂತ ಅದರಿಂದ ಗೊತ್ತಾಗುತ್ತದೆ. 1854ರ ಶಿಕ್ಷಣ ನೀತಿಯ ನಂತರ ಖಾಸಗಿ ಶಾಲೆಗಳಿಗೆ ಸರ್ಕಾರದ ಅನುದಾನ ಬಂತು. ಕಟ್ಟಡ, ಪುಸ್ತಕ, ರಿಜಿಸ್ಟರ್ ಎಲ್ಲ ಸರಿಯಾಗಿ ಇಟ್ಟುಕೊಂಡಿದ್ದವು ಮಿಷನ್ ಶಾಲೆಗಳು. ಹಾಗಾಗಿ ಅದರ ಲಾಭ ಅವಕ್ಕೇ ಜಾಸ್ತಿ ಸಿಕ್ಕಿತು.

ಮೈಸೂರು ಸೀಮೆಯಲ್ಲಿ ಈ ಸಂಬಂಧ ಇನ್ನೂ ಹತ್ತಿರದ್ದು. ಬೆಂಗಳೂರಿನ ವೆಸ್ಲಿಯನ್ ಮಿಷನ್‌ನ ಜಾನ್ ಗ್ಯಾರೆಟ್ ಎಂಬ ಪಾದ್ರಿ ಮುಂದೆ ಮೈಸೂರಿನ ವಿದ್ಯಾ ಇಲಾಖೆಯ ಮುಖ್ಯಸ್ಥರೇ ಆದರು. ಅವರ ನಂತರ ಆ ಜಾಗಕ್ಕೆ ಬಂದವರು ಬಿ.ಎಲ್. ರೈಸ್. ಲಂಡನ್ ಮಿಷನ್ ಪಾದ್ರಿಯ ಮಗ, ಹುಟ್ಟಿದ್ದು ಬೆಂಗಳೂರಿನಲ್ಲಿ. ಇಲ್ಲೊಂದು ತಮಾಷೆಯೂ ಇದೆ. ಗ್ಯಾರೆಟ್ ಪಾದ್ರಿಯಾಗಿದ್ದಾಗ 1840ರ ದಶಕದಲ್ಲಿ ಮಿಷನ್ ಪ್ರೆಸ್ಸಿನಲ್ಲೇ ಭಗವದ್ಗೀತೆಯನ್ನು ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರರಲ್ಲೂ ಅಚ್ಚು ಹಾಕಿಸಿದರು. ರೈಸ್ 1892ರಲ್ಲಿ ನಮ್ಮ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಅಶೋಕ ಶಾಸನಗಳನ್ನು ಬೆಳಕಿಗೆ ತಂದರು. ಧರ್ಮದ ಮಾತನ್ನು ದೂರದ ದೊರೆ ತನ್ನ ಭಾಷೆಯಲ್ಲಿ ನಮ್ಮ ಬಂಡೆಗೆ ಕೆತ್ತಿಸಿದ್ದು ಎರಡು ಸಾವಿರದ ಇನ್ನೂರು ವರ್ಷದ ಹಿಂದೆ. ಅಧಿಕಾರದ ಹೆಗಲ ಮೇಲೆ ಕೂತು ಧರ್ಮ ಬರುವುದು ಈ ಜಿಲ್ಲೆಗೆ ಹೊಸದಲ್ಲ ಅಂತ ಆ ಶಾಸನ ನೋಡಿದಾಗೆಲ್ಲ ಅನಿಸುತ್ತದೆ.

ಮಿಷನ್ ಮತ್ತು ಸರ್ಕಾರ ನೇರವಾಗಿ ಕೈ ಜೋಡಿಸಿದ ಕೆಟ್ಟ ಉದಾಹರಣೆ ಬೇಕಾದರೆ 1871ರ ಅಪರಾಧಿ ಬುಡಕಟ್ಟು ಕಾಯ್ದೆಯನ್ನು ನೋಡಿ. ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರು ಅಂತ ಪಟ್ಟಿ ಮಾಡಿದ ಕಾಯ್ದೆ ಅದು. ಮೊದಲು ಉತ್ತರ ಭಾರತದಲ್ಲಿ ಬಂದು, 1911ರಲ್ಲಿ ಮದ್ರಾಸ್ ಪ್ರಾಂತ್ಯಕ್ಕೂ ವಿಸ್ತರಿಸಿತು. ಎತ್ತು, ಕತ್ತೆಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಊರೂರು ತಿರುಗುತ್ತಿದ್ದ ಕೊರಚ, ಕೊರಮರಂಥವರ ವ್ಯಾಪಾರವನ್ನು ಉಪ್ಪಿನ ತೆರಿಗೆ ಮತ್ತು ರೈಲು ಮೊದಲೇ ಮುರಿದಿದ್ದವು. 1880ರ ದಶಕದ ಕೊನೆಗೆ ಹರಿಹರದವರೆಗೆ ರೈಲು ಬಂದಿತ್ತು. ಬದುಕು ಕಳೆದುಕೊಂಡವರ ಮೇಲೆ ಕಳ್ಳರ ಮುದ್ರೆ ಬಿತ್ತು. ಅಂಥವರನ್ನು ಬೇಲಿಯೊಳಗೆ ಕೂಡಿಹಾಕಿ ‘ಸುಧಾರಿಸುವ’ ಕೆಲಸವನ್ನು ಸರ್ಕಾರ ಹಲವೆಡೆ ಮಿಷನ್‌ಗಳಿಗೆ ವಹಿಸಿತು. ಆಂಧ್ರದ ಸ್ಟೂವರ್ಟ್‌ಪುರಂ ಎಂಬ ಅಂಥ ವಸತಿಯನ್ನು ನಡೆಸಿದ್ದು ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸಂಸ್ಥೆ. ಹುಬ್ಬಳ್ಳಿಯಲ್ಲಿ ಆ ಕಾಲದ ಬೇಲಿಯೊಳಗಿನ ವಸತಿ ಇಂದಿಗೂ ಸೆಟ್ಲ್‌ಮೆಂಟ್ ಎಂಬ ಹೆಸರಿನ ಬಡಾವಣೆ. ತಿರುಗಾಟ ನಿಂತ ಮೇಲೆ ತಿರುಗಾಟದ ಹಾಡು, ಶಕುನ, ಕುಲದ ಕಥೆ ಎಲ್ಲ ನಿಂತವು. ಆ ಕಾಯ್ದೆ ರದ್ದಾದದ್ದು 1952ರಲ್ಲಿ. ಆ ಮುದ್ರೆ ಇನ್ನೂ ಪೂರ್ತಿ ಹೋಗಿಲ್ಲ. ಮಿಷನರಿಗಳಿಂದ ಸಂಸ್ಕೃತಿ ಹಾಳಾಯಿತು ಅನ್ನುವ ಮೆಸೇಜುಗಳಲ್ಲಿ ಈ ಜನರ ಸುದ್ದಿ ಮಾತ್ರ ಬರುವುದಿಲ್ಲ. ಗಮನಿಸಿದ್ದೀರಾ?

ಹಾಗಾದರೆ ನಮ್ಮ ಕಡೆ ಕಳೆದುಹೋದದ್ದು ಏನು? ಒಂದೊಂದಾಗಿ ಹಿಡಿದರೆ ದಾರಿ ಬೇರೆ ಬೇರೆ.

ಕೂಲಿಮಠ ತೆಗೆದುಕೊಳ್ಳಿ. ಊರಿನ ಐಗಳು ಜಗಲಿಯ ಮೇಲೆ ಮಕ್ಕಳನ್ನು ಕೂರಿಸಿ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಮಗ್ಗಿ, ಅಮರಕೋಶ, ಜೈಮಿನಿ ಭಾರತ ಬಾಯಿಪಾಠ. ಓಲೆ ಓದುವುದೂ ಕಡತ ಬರೆಯುವುದೂ ಅಲ್ಲೇ ಕಲಿಯುವ ವಿದ್ಯೆ. ಅದು ಸತ್ತದ್ದು ಪಾದ್ರಿಗಳಿಂದಲ್ಲ. 1868ರಲ್ಲಿ ಮೈಸೂರು ಸರ್ಕಾರ ಹೋಬಳಿಗೊಂದು ಶಾಲೆ ಎಂಬ ಯೋಜನೆ ತಂದಿತು. ಅಚ್ಚಾದ ಪುಸ್ತಕ, ಇನ್‌ಸ್ಪೆಕ್ಟರ್, ಪರೀಕ್ಷೆ, ಪಾಸಾದರೆ ಕಚೇರಿಯಲ್ಲಿ ನೌಕರಿ. ಐಗಳ ಮಠದಲ್ಲಿ ಓದಿದರೆ ಆ ನೌಕರಿ ಇಲ್ಲ. ಅಪ್ಪ ಅಮ್ಮಂದಿರೇ ಮಕ್ಕಳನ್ನು ಎಬ್ಬಿಸಿಕೊಂಡು ಹೊಸ ಶಾಲೆಗೆ ಸೇರಿಸಿದರು. ಒಂದೆರಡು ತಲೆಮಾರಿನಲ್ಲಿ ಮನೆಯಲ್ಲಿದ್ದ ಓಲೆ ಓದುವವರೇ ಇಲ್ಲವಾದರು. ನನ್ನ ಮಟ್ಟಿಗೆ ನಮ್ಮ ಭಾಗದ ದೊಡ್ಡ ನಷ್ಟ ಇದೇ. ಆದರೆ ಕೂಲಿಮಠದ ಜಗಲಿಯ ಮೇಲೆ ಎಲ್ಲ ಮಕ್ಕಳಿಗೂ ಜಾಗ ಇರಲಿಲ್ಲ ಎಂಬುದನ್ನೂ ಸೇರಿಸಿಯೇ ಹೇಳಬೇಕು. ಅಸ್ಪೃಶ್ಯರೆಂದು ದೂರ ಇಟ್ಟಿದ್ದ ಕೇರಿಯ ಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಎಷ್ಟೋ ಕಡೆ ಮೊದಲ ಸ್ಲೇಟು ಕೊಟ್ಟದ್ದು ಮಿಷನ್ ಶಾಲೆ. ಅಲ್ಲೂ ಮೇಲ್ಜಾತಿಯವರು ಬೇಕು ಅಂತ ಪ್ರತ್ಯೇಕ ಶಾಲೆ ನಡೆಸಿದ ಮಿಷನ್‌ಗಳುಂಟು. ಸಂತರ ಲೆಕ್ಕದಲ್ಲಿ ಅವರನ್ನೂ ಇಡಬೇಡಿ.

ದಾವಣಗೆರೆ ಒಂದು ಕಾಲಕ್ಕೆ ನಯವಾದ ಕಂಬಳಿಗೆ ಹೆಸರಾಗಿತ್ತು. ಮಗ್ಗಗಳು ಸೋತದ್ದು ಗಿರಣಿ ಬಟ್ಟೆಗೆ. ಅಲ್ಲಿ ಧರ್ಮದ ಮಾತೇ ಬರುವುದಿಲ್ಲ.

ಹುಡುಗಿಯರನ್ನು ದೇವರ ಹೆಸರಿಗೆ ಬಿಡುವ ಬಸವಿ ಪದ್ಧತಿಯ ವಿಷಯ ಸ್ವಲ್ಪ ಕಷ್ಟದ್ದು. ಅದರ ವಿರುದ್ಧ ಮಿಷನರಿಗಳು ಜೋರಾಗಿ ಬರೆದರು. ಆ ಬರವಣಿಗೆಯಲ್ಲಿ ನಮ್ಮ ಹೆಣ್ಣುಮಕ್ಕಳ ಬಗ್ಗೆ ಅಸಹ್ಯವೇ ಜಾಸ್ತಿ ಕಾಣುತ್ತದೆ. ಆದರೆ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆಯನ್ನು 1909ರ ಹೊತ್ತಿಗೆ ನಿಲ್ಲಿಸಿದ್ದು ಮೈಸೂರು ಸಂಸ್ಥಾನದ ಸರ್ಕಾರ. ಕರ್ನಾಟಕದ ಈಗಿನ ಕಾಯ್ದೆ 1982ರದ್ದು. ಆ ಹೆಂಗಸರ ಜೊತೆ ಹಾಡು, ಕುಣಿತ ಹೋಯಿತು, ನಿಜ. ಅದನ್ನು ಉಳಿಸಿಕೊಳ್ಳಲು ಹುಡುಗಿಯರನ್ನು ಬಿಡುತ್ತಲೇ ಇರಬೇಕಿತ್ತು ಅಂತ ನಾನಂತೂ ಹೇಳಲಾರೆ.

ಮಿಷನರಿಗಳು ನೇರವಾಗಿ ಕಾರಣರಾದ ನಷ್ಟ ಒಂದಿದೆ. ಅದು ಆದದ್ದು ಮತಾಂತರ ಆದವರಿಗೇ. ಹಳೇ ಕುಲದವರು ಅವರನ್ನು ಮನೆಯಿಂದ, ಬಾವಿಯಿಂದ ಹೊರಗಿಟ್ಟರು. ಹೊಸ ಗುರುಗಳು ದೈವ, ಡೋಲು, ಕೋಲ, ಹೆಂಡ, ಜಾತ್ರೆ ಎಲ್ಲ ಬಿಡಿ ಅಂದರು. ಮಂಗಳೂರಿನ ಕಡೆ ಮಿಷನ್‌ನ ಹಂಚಿನ ಕಾರ್ಖಾನೆ, ನೇಯ್ಗೆ ಶಾಲೆ ಅನ್ನ ಕೊಟ್ಟಿತು. ಆದರೆ ಅಲ್ಲಿ ಕೂಲಿ ಕೊಡುವವನೂ ಪಾಪ ಪುಣ್ಯ ನೋಡುವವನೂ ಒಬ್ಬನೇ. ಜಾತ್ರೆ, ಸಂತೆಗಳಲ್ಲಿ ಹಂಚಿದ ಚಿಕ್ಕ ಪುಸ್ತಕಗಳಲ್ಲಿ ನಮ್ಮ ದೇವರುಗಳ ಬಗ್ಗೆ ಬರೆದದ್ದನ್ನು ಈಗ ಓದಿದರೂ ಮೈ ಉರಿಯುತ್ತದೆ. ಇಷ್ಟೆಲ್ಲ ಆದರೂ ಜನ ರಾಶಿ ರಾಶಿ ಮತಾಂತರ ಆಗಲಿಲ್ಲ. 2011ರ ಜನಗಣತಿಯಲ್ಲಿ ಕರ್ನಾಟಕದ ಕ್ರೈಸ್ತರು ಶೇಕಡಾ 2ಕ್ಕಿಂತ ಕಡಿಮೆ. ನಮ್ಮ ಚಿತ್ರದುರ್ಗ, ದಾವಣಗೆರೆ ಎರಡೂ ಜಿಲ್ಲೆಗಳಲ್ಲಿ ಅದಕ್ಕಿಂತಲೂ ಕಡಿಮೆ. ಮಗನ ಕ್ಲಾಸಿನ ಹುಡುಗನ ಹಿರಿಯರು ಈ ಕಥೆಯಲ್ಲಿ ಕಳೆದುಕೊಂಡವರ ಸಾಲಿನಲ್ಲೂ ಇರಬಹುದು, ಪಡೆದವರ ಸಾಲಿನಲ್ಲೂ ಇರಬಹುದು. ಅವನನ್ನು ಕಂಪನಿಯ ವಕೀಲನ ಹಾಗೆ ನಿಲ್ಲಿಸಿ ಪ್ರಶ್ನೆ ಕೇಳುವುದು ಸರಿಯಲ್ಲ. ಇದನ್ನು ನಿಮ್ಮ ಮಗ ಸೆಮಿನಾರ್ ಶುರು ಮಾಡುವಾಗಲೇ ಹೇಳಿಬಿಡಲಿ.

ಇನ್ನು ಉಳಿದದ್ದರ ಲೆಕ್ಕ. ಇಲ್ಲಿ ಮಗನ ಮಾತಿನಲ್ಲಿ ಹುರುಳಿದೆ. ಬಾಸೆಲ್ ಮಿಷನ್‌ನ ಹೆರ್ಮನ್ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರು ಸಮಾಚಾರ ತಂದರು. ಕಲ್ಲಚ್ಚಿನಲ್ಲಿ ಬಸವ ಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ಅಚ್ಚು ಹಾಕಿಸಿದರು. ಆ ಮಾಲೆಗೆ ಹಣ ಕೊಟ್ಟವರು ಕಸಮೇಜರ್ ಎಂಬ ಕಂಪನಿಯ ನಿವೃತ್ತ ಜಡ್ಜ್. ಪುರಂದರದಾಸರನ್ನು ಅಚ್ಚಿಗೆ ತಂದದ್ದು ಕಂಪನಿಯ ಪಿಂಚಣಿಯ ದುಡ್ಡು ಅಂದರೆ ನಂಬಬೇಕಾಗುತ್ತದೆ. ಅದೇ ಮಿಷನ್‌ನ ಫರ್ಡಿನಾಂಡ್ ಕಿಟ್ಟೆಲ್ 1853ರಲ್ಲಿ ಬಂದರು. 1894ರಲ್ಲಿ ಅವರ ನಿಘಂಟು ಹೊರಬಂತು, ಸುಮಾರು 70,000 ಪದಗಳು. ನಾನು ಅದನ್ನು ಇವತ್ತಿಗೂ ವಾರಕ್ಕೊಮ್ಮೆಯಾದರೂ ತೆಗೆಯುತ್ತೇನೆ.

ಆದರೆ ಎರಡು ಮಾತು ಸೇರಿಸಬೇಕು. ಒಂದು, ಇವರು ಯಾಕೆ ಕಲಿತರು? ಕನ್ನಡದ ಮೇಲಿನ ಪ್ರೀತಿಯಿಂದ ಅಂತ ಶುರುವಾಗಲಿಲ್ಲ. ಜನರ ಮನಸ್ಸಿಗೆ ಹೋಗುವ ದಾರಿ ಹುಡುಕಲು ಕಲಿತರು. ಕಲಿಯುತ್ತ ಕಲಿಯುತ್ತ ಕೆಲವರು ಅದರಲ್ಲೇ ಮುಳುಗಿಹೋದರು. ಕಿಟ್ಟೆಲ್ ಅಂಥವರು. ಮಿಷನ್‌ನ ಒಳಗೇ ಅವರ ಈ ಗುಂಗಿಗೆ ಎಲ್ಲರೂ ಸಂತೋಷಪಡಲಿಲ್ಲ. ಅವರ ಪಕ್ಕದಲ್ಲಿ ಕೂತು ಓಲೆ ಓದಿ, ಅರ್ಥ ಹೇಳಿದ ನಮ್ಮ ಪಂಡಿತರ ಹೆಸರು ಮುಖಪುಟದಲ್ಲಿ ಇಲ್ಲ. ಎರಡು, ಅಚ್ಚಿಗೆ ಯಾವುದನ್ನು ಆರಿಸಿದರು? ಪುರಾಣ, ಕಾವ್ಯ, ವ್ಯಾಕರಣ. ವಚನಗಳು ಅವರ ಕಣ್ಣಿಗೆ ಅಷ್ಟಾಗಿ ಬೀಳಲಿಲ್ಲ. 1923ರಲ್ಲಿ ವಚನಶಾಸ್ತ್ರಸಾರ ಬರುವವರೆಗೂ ಕಾಯಬೇಕಾಯಿತು. ಅದಕ್ಕಾಗಿ ಫ.ಗು. ಹಳಕಟ್ಟಿಯವರು ಮನೆ ಮನೆ ತಿರುಗಿ ಓಲೆ ಕಟ್ಟು ಕೂಡಿಸಿದ್ದರು. ಮ್ಯಾಸಬೇಡರ, ಕಾಡುಗೊಲ್ಲರ ಬಾಯಿಯಲ್ಲಿದ್ದ ಗಾದರಿ ಪಾಲನಾಯಕ, ಜುಂಜಪ್ಪನ ಕಾವ್ಯಗಳನ್ನಂತೂ ನಮ್ಮ ವಿದ್ವಾಂಸರೂ ಬಹಳ ತಡವಾಗಿ ಕೇಳಿಸಿಕೊಂಡರು. ಅಚ್ಚಾದದ್ದೇ ಸಾಹಿತ್ಯ, ಅಚ್ಚಾಗದ್ದು ಸುಮ್ನೆ ಹಳ್ಳಿ ಹಾಡು ಎಂಬ ಮೇಲು ಕೀಳು ಆ ಕಾಲದಲ್ಲಿ ಗಟ್ಟಿಯಾಯಿತು. ಮಿಷನ್ ಪ್ರೆಸ್ಸು ಅದನ್ನು ಶುರು ಮಾಡಿರಬಹುದು. ಮುಂದುವರಿಸಿದ್ದು ನಾವೇ.

ಈಗ ನಿಮ್ಮ ಮಾವನವರ ನೆನಪು. ಅವರ ಮಾತನ್ನು ತಳ್ಳಿಹಾಕುವುದಿಲ್ಲ. ಸುಮ್ನೆ ವರ್ಷ ಎಣಿಸೋಣ. ಅವರಿಗೆ 81 ಅಂದರೆ ಅವರ ತಾತ ಮನೆಯ ಯಜಮಾನರಾಗಿದ್ದ ಕಾಲ ಸುಮಾರು 1900ರಿಂದ 1940. ಅಷ್ಟರಲ್ಲಿ ಮೋಗ್ಲಿಂಗ್ ತೀರಿಕೊಂಡು ಬಹಳ ಕಾಲವಾಗಿತ್ತು. ಕಿಟ್ಟೆಲ್ 1890ರ ದಶಕದ ಆರಂಭದಲ್ಲೇ ಜರ್ಮನಿಗೆ ಮರಳಿದ್ದರು, 1903ರಲ್ಲಿ ಅಲ್ಲೇ ತೀರಿಕೊಂಡರು. ಓಲೆ ಕೂಡಿಸುವ ದೊಡ್ಡ ಮಿಷನರಿಗಳ ಕಾಲ ಮುಗಿದಿತ್ತು. ಆದರೆ ಆಗ ಮೈಸೂರಿನ ಓರಿಯಂಟಲ್ ಲೈಬ್ರರಿ ಕೆಲಸ ಮಾಡುತ್ತಿತ್ತು. 1891ರಲ್ಲಿ ಶುರುವಾದ ಅದೇ ಇಂದಿನ ಪ್ರಾಚ್ಯ ವಿದ್ಯಾ ಸಂಶೋಧನಾಲಯ. ಕೌಟಿಲ್ಯನ ಅರ್ಥಶಾಸ್ತ್ರದ ಪ್ರತಿ ಶಾಮಾಶಾಸ್ತ್ರಿಗಳಿಗೆ ಸಿಕ್ಕಿದ್ದು ಅಲ್ಲೇ. ಸಂಸ್ಥಾನದ ಊರುಗಳಿಂದ ಹಸ್ತಪ್ರತಿ ತರಿಸುವ ಕೆಲಸ ಆಗ ನಡೆಯುತ್ತಿತ್ತು. ಕೋಟು, ಪೇಟ ಹಾಕಿಕೊಂಡ ಸರ್ಕಾರಿ ಪಂಡಿತರು ಬಂದಿರುವ ಸಾಧ್ಯತೆಯೇ ನನಗೆ ಹೆಚ್ಚು ಕಾಣುತ್ತದೆ.

ನೆನಪು ಇನ್ನೂ ಹಿಂದಿನದಾದರೆ ಬೇರೊಬ್ಬ ವ್ಯಕ್ತಿ ಇದ್ದಾನೆ. ಕಾಲಿನ್ ಮೆಕೆಂಜಿ, ಕಂಪನಿಯ ಸೈನ್ಯದ ಸರ್ವೆ ಅಧಿಕಾರಿ. 1799ರ ನಂತರ ಮೈಸೂರು ಸೀಮೆ ಅಳೆಯುತ್ತ, ತನ್ನ ಕೈಕೆಳಗಿನ ದೇಶೀ ಪಂಡಿತರಿಂದ ಊರೂರಿನ ಕೈಫಿಯತ್ತು (ಊರಿನ ಚರಿತ್ರೆಯ ಬರಹ), ಓಲೆ, ಶಾಸನಗಳ ಪ್ರತಿ ಕೂಡಿಸಿದವನು. ಅವನ ಸಂಗ್ರಹ ಇವತ್ತು ಚೆನ್ನೈ ಮತ್ತು ಲಂಡನ್‌ನಲ್ಲಿದೆ. ಅವನು ಪಾದ್ರಿಯಲ್ಲ. ಹಳೇ ನೆನಪಿನಲ್ಲಿ ಬಿಳಿಯರೆಲ್ಲ ಒಂದೇ ಆಗಿಬಿಡುತ್ತಾರೆ. ಹಾಗಂತ ಮಿಷನರಿಗಳು ಒಯ್ಯಲಿಲ್ಲ ಅಂತಲ್ಲ. ಮೋಗ್ಲಿಂಗ್ ಕೂಡಿಸಿದ ಕನ್ನಡ ಹಸ್ತಪ್ರತಿಗಳು ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿವೆ.

ಇವೆಲ್ಲದಕ್ಕಿಂತ ಜಾಸ್ತಿ ಓಲೆ ಹೋದದ್ದು ಗೆದ್ದಲಿಗೆ, ಒಲೆಗೆ, ಹೊಳೆಗೆ. ಓದಲು ಬರುವುದಿಲ್ಲ, ಮನೆಯಲ್ಲಿ ಇಟ್ಟರೆ ಮೈಲಿಗೆಯಾದೀತು ಅಂತ ತುಂಗಭದ್ರೆಗೆ ಬಿಟ್ಟ ಮನೆಗಳ ಕಥೆ ಹರಿಹರ, ಹೊನ್ನಾಳಿ ಕಡೆ ನನಗೆ ಹೇಳಿದವರು ಬಹಳ ಜನ.

ಕಟ್ಟಿನ ವಿಷಯಕ್ಕೆ ಬರುತ್ತೇನೆ. ಮೊದಲು ಮಾರಾಟದ ಮಾತು: ಬೇಡ. ಸಾಹಿತ್ಯ, ಇತಿಹಾಸ, ವಿಜ್ಞಾನದ ದೃಷ್ಟಿಯಿಂದ ಬೆಲೆ ಇರುವ, 75 ವರ್ಷಕ್ಕಿಂತ ಹಳೇ ಹಸ್ತಪ್ರತಿ 1972ರ ಪ್ರಾಚ್ಯವಸ್ತು ಕಾಯ್ದೆಯೊಳಗೆ ಬರುತ್ತದೆ. ಖಾಸಗಿಯವರು ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ. ಅಂಥ ವಸ್ತುವಿನ ವ್ಯಾಪಾರ ಮಾಡಲು ಲೈಸೆನ್ಸ್ ಬೇಕು. ಫೋನ್ ಮಾಡುವವರ ಹತ್ತಿರ ಲೈಸೆನ್ಸ್ ಇದೆಯಾ ಅಂತ ಒಮ್ಮೆ ಕೇಳಿ ನೋಡಿ. ಹೆಚ್ಚಿನವರು ಆಮೇಲೆ ಫೋನ್ ಮಾಡುವುದಿಲ್ಲ. ಇನ್ನೊಂದು ಅಪಾಯ ಇದೆ. ವ್ಯಾಪಾರಿಗಳು ಕಟ್ಟು ಬಿಚ್ಚಿ ಚಿತ್ರ ಇರುವ ಗರಿ, ಚೆಂದದ ಗರಿಗಳನ್ನು ಬಿಡಿಯಾಗಿ ಮಾರುತ್ತಾರೆ. ಕಟ್ಟು ಒಡೆದರೆ ಅದರ ಕಥೆ ಮುಗಿಯಿತು.

ಮನೆಯಲ್ಲೇ ಇಟ್ಟುಕೊಳ್ಳುವುದು ತಪ್ಪಲ್ಲ. ಆದರೆ ನೀರಲ್ಲಿ ಒರೆಸಬೇಡಿ. ಪೂಜೆಗೆ ಇಟ್ಟರೂ ಅರಿಶಿನ ಕುಂಕುಮ ಗರಿಯ ಮೇಲೆ ಹಾಕಬೇಡಿ. ಅಡುಗೆ ಎಣ್ಣೆ ಸವರಬೇಡಿ, ಅದು ಹುಳ ಕರೆಯುತ್ತದೆ. ಲ್ಯಾಮಿನೇಷನ್ ಮಾಡಿಸಲೇಬೇಡಿ, ಪ್ಲಾಸ್ಟಿಕ್ ಚೀಲದಲ್ಲೂ ಇಡಬೇಡಿ. ಒಣ ಕುಂಚದಿಂದ ಧೂಳು ತೆಗೆಯಿರಿ. ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಎರಡು ಹಲಗೆ ನಡುವೆ ಇಟ್ಟು ಸಡಿಲವಾಗಿ ಕಟ್ಟಿ. ನಿಂಬೆಹುಲ್ಲಿನ ಎಣ್ಣೆ ಹಚ್ಚುವ ಪದ್ಧತಿ ಇದೆ, ಅದನ್ನು ತಿಳಿದವರ ಕೈಯಲ್ಲೇ ಮಾಡಿಸಿ. ಅಂಟಿಕೊಂಡ ಗರಿಗಳನ್ನು ಎಳೆದು ಬಿಡಿಸಬೇಡಿ. ಮನೆಯಲ್ಲಿ ಇಡುವುದರ ನಿಜವಾದ ಅಪಾಯ ಹುಳ ಅಲ್ಲ, ಪಾಲು. ಅಣ್ಣ ತಮ್ಮಂದಿರು ಕಟ್ಟಿನಲ್ಲಿ ಪಾಲು ಹಾಕಿಕೊಂಡದ್ದನ್ನೂ ನೋಡಿದ್ದೇನೆ.

ಮಠಕ್ಕೆ ಕೊಡೋಣ ಎಂಬ ಮಾವನವರ ಮಾತಿಗೆ ಅರ್ಥವಿದೆ. ನಮ್ಮ ಭಾಗದಲ್ಲಿ ಓಲೆ ಉಳಿಸಿದವರಲ್ಲಿ ಮಠಗಳು ದೊಡ್ಡವು. ಹತ್ತಿರವೂ ಹೌದು, ಗೌರವವೂ ಇರುತ್ತದೆ. ಆದರೆ ಪಟ್ಟಿ ಮಾಡಿದ್ದಾರಾ, ಓದಲು ಕೇಳಿದವರಿಗೆ ತೋರಿಸುತ್ತಾರಾ ಅಂತ ಮೊದಲು ವಿಚಾರಿಸಿ. ಬೀರುವಿನ ಬೀಗದ ಕೈ ಒಬ್ಬರ ಹತ್ತಿರ ಮಾತ್ರ ಇದ್ದರೆ ಅಟ್ಟಕ್ಕೂ ಅದಕ್ಕೂ ವ್ಯತ್ಯಾಸವಿಲ್ಲ. ವಿಶ್ವವಿದ್ಯಾಲಯಕ್ಕೆ ಕೊಡುವುದಾದರೆ ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿಗಳಿಗೇ ಒಂದು ವಿಭಾಗ ಇದೆ, ಮೈಸೂರಿನ ಸಂಶೋಧನಾಲಯವೂ ಇದೆ. ಅಲ್ಲಿ ಪಟ್ಟಿ, ಸಂರಕ್ಷಣೆ ಎರಡೂ ಆಗುತ್ತವೆ. ಆದರೆ ಒಮ್ಮೆ ದಾನ ಕೊಟ್ಟರೆ ವಾಪಸ್ ಸಿಗುವುದಿಲ್ಲ ಅಂತಲೇ ತಿಳಿಯಿರಿ. ಯಾರಿಗೆ ಕೊಟ್ಟರೂ ಗರಿಗಳ ಸಂಖ್ಯೆ, ದಾನವೋ ಎರವಲೋ, ಮನೆತನದ ಹೆಸರು ನಮೂದಿಸುತ್ತಾರೋ ಇಲ್ಲವೋ ಎಲ್ಲ ಬರೆದ ರಸೀದಿ ಬೇಕೇ ಬೇಕು.

ನನ್ನ ಸಲಹೆ ಕೇಳಿದರೆ, ಯಾರಿಗೂ ಕೊಡುವ ಮುಂಚೆ ಪ್ರತಿ ಗರಿಯ ಎರಡೂ ಬದಿಯ ಫೋಟೋ ತೆಗೆಯಿರಿ. ಹಗಲು ಬೆಳಕು, ಪಕ್ಕದಲ್ಲಿ ಸ್ಕೇಲು, ಗರಿಯ ಕ್ರಮಸಂಖ್ಯೆ ಕಾಣುವಂತೆ. ಮಗನೇ ಮಾಡಬಹುದು. ಆಮೇಲೆ ಓದಬಲ್ಲವರಿಗೆ ಮೊದಲ ಮತ್ತು ಕೊನೆಯ ಕೆಲವು ಗರಿ ತೋರಿಸಿ. ಲಿಪಿಕಾರರು ಸಾಮಾನ್ಯವಾಗಿ ಕೊನೆಯಲ್ಲಿ ತಮ್ಮ ಹೆಸರು, ಊರು, ಸಂವತ್ಸರ ಬರೆದಿರುತ್ತಾರೆ. ಅದು ಅಮರಕೋಶದ ಮತ್ತೊಂದು ಪ್ರತಿ ಇರಬಹುದು, ಜಾತಕ ಇರಬಹುದು, ದನಕರುಗಳ ಮದ್ದಿನ ಪಟ್ಟಿ ಇರಬಹುದು, ಊರಿನ ಕಾಣಿಕೆಯ ಲೆಕ್ಕವೂ ಇರಬಹುದು. ಕಾವ್ಯ ಅಲ್ಲದಿದ್ದರೆ ನಿರಾಸೆ ಬೇಡ. ಹೊಳಲ್ಕೆರೆ ಸೀಮೆಯ ಹಳೇ ಲೆಕ್ಕದ ಓಲೆ ಸಿಕ್ಕರೆ ನನಗೆ ಪುರಾಣದ ಪ್ರತಿಗಿಂತ ಖುಷಿ. ಕೇಂದ್ರ ಸರ್ಕಾರ 2025ರಲ್ಲಿ ಜ್ಞಾನ ಭಾರತಂ ಎಂಬ ಹಸ್ತಪ್ರತಿ ಯೋಜನೆ ಘೋಷಿಸಿದೆ. ಮೂಲ ನಿಮ್ಮಲ್ಲೇ ಇಟ್ಟುಕೊಂಡು ಡಿಜಿಟಲ್ ಪ್ರತಿ ಮಾತ್ರ ಕೊಡಲು ಆಗುತ್ತದೆಯಾ ಅಂತ ವಿಚಾರಿಸಿ. ಫೋಟೋ ತೆಗೆದುಕೊಂಡು ಹೋದವರು ಅದನ್ನು ತಮ್ಮ ಹೆಸರಿನಲ್ಲಿ ಹಾಕಿಕೊಳ್ಳುವುದೂ ಉಂಟು. ಹಾಗಾಗಿ ಅಲ್ಲೂ ಬರಹದಲ್ಲಿ ಒಪ್ಪಂದ ಇರಲಿ.

ಕೊನೆಗೆ ಸೆಮಿನಾರ್. ಇಪ್ಪತ್ತು ನಿಮಿಷದಲ್ಲಿ ಇಡೀ ಭಾರತದ ಮಿಷನರಿಗಳಿಗೆ ತೀರ್ಪು ಕೊಡಲು ಹೋದರೆ ಮತ್ತೆ ಜಗಳವೇ. 1868ರ ಹೋಬಳಿ ಶಾಲೆ ಬಂದ ಮೇಲೆ ನಮ್ಮ ಜಿಲ್ಲೆಯ ಕೂಲಿಮಠಗಳಿಗೆ ಏನಾಯಿತು ಎಂಬ ಒಂದೇ ವಿಷಯ ಹಿಡಿಯಲಿ. ಮಿಷನ್, ಸರ್ಕಾರ, ಮಠ, ಜಾತಿ ನಾಲ್ಕೂ ಅದರೊಳಗೇ ಬರುತ್ತವೆ. ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಮೈಸೂರಿನ ಹಳೇ ಆಡಳಿತ ವರದಿಗಳಿವೆ. ಮಿಷನ್‌ಗಳ ಕಡೆಯ ಕಾಗದಪತ್ರಕ್ಕೆ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು, ಮಂಗಳೂರು ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜು ನೋಡಬಹುದು. ಎಲ್ಲಿಗೂ ಸುಮ್ನೆ ಹೋಗಿ ನಿಲ್ಲಬೇಡ ಅನ್ನಿ. ಕಾಲೇಜಿನ ಪ್ರಾಂಶುಪಾಲರ ಪತ್ರ ಇಟ್ಟು, ಯಾವ ವರ್ಷಗಳ ದಾಖಲೆ ಬೇಕು ಅಂತ ಬರೆದು, ಮೊದಲೇ ಅನುಮತಿ ತೆಗೆದುಕೊಂಡು ಹೋಗಲಿ.